ಸೇನೆಗೆ ಹೊಸ ಸಾಧನ ಮಾಡುತ್ತೀರಾ? ಸಾಲಕ್ಕೆ ಸಹಿ ಹಾಕುವ ಮೊದಲು ಮಾದರಿ ಮಾಡಿ ಪರೀಕ್ಷಿಸುವುದು ಹೇಗೆ

2019ರಲ್ಲಿ ತಮಿಳುನಾಡು ರಕ್ಷಣಾ ಕೈಗಾರಿಕಾ ಕಾರಿಡಾರ್ ಶುರುವಾದಾಗ ಐದು ಊರುಗಳನ್ನು ಅದರ ಕೇಂದ್ರಗಳೆಂದು ಹೆಸರಿಸಿದರು. ಚೆನ್ನೈ, ಕೊಯಮತ್ತೂರು, ಸೇಲಂ, ತಿರುಚಿ, ಜೊತೆಗೆ ನಮ್ಮ ಹೊಸೂರು. ಆಮೇಲೆ ಇಲ್ಲಿ ಲೇತ್ ಇಟ್ಟುಕೊಂಡವರಿಂದ ಹಿಡಿದು ಸರ್ಕ್ಯೂಟ್ ಬೋರ್ಡ್ ಜೋಡಿಸುವ ಹುಡುಗರವರೆಗೆ ಬಹಳ ಜನರ ಬಾಯಲ್ಲಿ ಒಂದೇ ಮಾತು, ‘ಡಿಫೆನ್ಸ್‌ಗೆ ಏನಾದರೂ ಮಾಡಬೇಕು’. ಖಂಡಿತ ಮಾಡಬೇಕು. ನಮ್ಮವರ ಕೈಯಲ್ಲಿ ಕೆಲಸ ಇದೆ, ಅತ್ತಿಬೆಲೆ ದಾಟಿದರೆ ಬೆಂಗಳೂರಿನ ಲ್ಯಾಬ್‌ಗಳಿವೆ. ಆದರೆ ಎಷ್ಟೋ ಜನ ಮೊದಲು ಹೋಗುವುದು ಬ್ಯಾಂಕಿಗೆ, ಯಂತ್ರದ ಸಾಲಕ್ಕೆ. ಅದು ಕೊನೆಗೆ ಮಾಡಬೇಕಾದ ಕೆಲಸ.

ಇದಕ್ಕೆ ಕಾರಣ ನಮ್ಮ ಅಭ್ಯಾಸ. ಹೊಸೂರು ಬೆಳೆದದ್ದು ವಾಹನ ಕಂಪನಿಗಳ ಜಾಬ್ ವರ್ಕ್‌ನಿಂದ. ಅಲ್ಲಿ ಡ್ರಾಯಿಂಗ್ ಬರುತ್ತದೆ, ಸ್ಯಾಂಪಲ್ ಕೊಡುತ್ತೇವೆ, ಅಪ್ರೂವಲ್ ಸಿಕ್ಕಿದರೆ ಯಂತ್ರ ಹಾಕುತ್ತೇವೆ. ಆ ಭಾಗ ಗಾಡಿಯಲ್ಲಿ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವ ತಲೆನೋವು ಡ್ರಾಯಿಂಗ್ ಕೊಟ್ಟವರದ್ದು. ಸೇನೆಯ ಹೊಸ ತಂತ್ರಜ್ಞಾನದಲ್ಲಿ ಡ್ರಾಯಿಂಗೇ ಇರುವುದಿಲ್ಲ. ‘ನಮಗೆ ಇಂಥ ತೊಂದರೆ ಇದೆ, ಪರಿಹಾರ ತನ್ನಿ’ ಅನ್ನುತ್ತಾರೆ, ಅಷ್ಟೆ. ಅಂದರೆ ಆ ತಲೆನೋವು ಈಗ ನಿಮ್ಮದು. ಅದನ್ನು ಕಡಿಮೆ ದುಡ್ಡಲ್ಲಿ, ಬೇಗ ತೀರಿಸಿಕೊಳ್ಳುವ ದಾರಿ ಇಲ್ಲಿದೆ.

ಸುಮ್ನೆ ಗಾಳಿಯಲ್ಲಿ ಮಾತಾಡುವ ಬದಲು ಒಂದೇ ಉದಾಹರಣೆ ಹಿಡಿದುಕೊಳ್ಳೋಣ. ನೆಲದಲ್ಲಿ ಹೂತಿಟ್ಟರೆ ಹೆಜ್ಜೆಯ ಅದುರಿನಿಂದಲೇ ‘ಯಾರೋ ಬರುತ್ತಿದ್ದಾರೆ’ ಎಂದು ತಿಳಿಸುವ ಸೆನ್ಸರ್. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದವರು ಇಂಥವನ್ನು ವಿಮಾನದಿಂದ ಕಾಡಿಗೆ ಉದುರಿಸಿದ್ದರು. ಇವತ್ತಿನ ಹೊಸತನ ಇರುವುದು ಒಳಗಿನ ಚಿಕ್ಕ ಚಿಪ್‌ನಲ್ಲಿ. ಮನುಷ್ಯನೋ ದನವೋ ಗಾಡಿಯೋ ಎಂದು ಅಲ್ಲೇ ಗುರುತಿಸಿ ರೇಡಿಯೋದಲ್ಲಿ ಒಂದು ಸಾಲು ಕಳಿಸುತ್ತದೆ. ಗಡಿ ಕಾಯುವ ಪಡೆಗಳಿಗೆ ಬೇಕಾದ ವಸ್ತು. ನಮ್ಮ ಸುತ್ತಮುತ್ತ ಪರೀಕ್ಷಿಸಬಹುದಾದ ವಸ್ತು ಕೂಡ.

ಹಂತ 1: ಯಾರಿಗೆ, ಎಲ್ಲಿ, ಎಷ್ಟು ಹೊತ್ತಿನಲ್ಲಿ ಎಂದು ಬರೆಯಿರಿ

ಒಂದೇ ವಾಕ್ಯ ಸಾಕು. ‘ಗಡಿ ಚೌಕಿಯಲ್ಲಿ ರಾತ್ರಿ ಪಾಳಿಯ ಇಬ್ಬರಿಗೆ, 30 ಮೀಟರ್ ಒಳಗೆ ನಡೆದು ಬರುವ ಮನುಷ್ಯನ ಸುಳಿವನ್ನು 10 ಸೆಕೆಂಡಿನೊಳಗೆ ಕೊಡಬೇಕು, ಆರು ತಿಂಗಳು ಬ್ಯಾಟರಿ ಬದಲಿಸಬಾರದು.’ ಇಷ್ಟು ಬರೆಯಲು ಆಗದಿದ್ದರೆ ಇನ್ನೂ ಸೋಲ್ಡರಿಂಗ್ ಐರನ್ ಬಿಸಿ ಮಾಡಬೇಡಿ.

ಬರೆಯಲು ನೆರವಾಗುವವರು ನಿವೃತ್ತ ಸೈನಿಕರು. ಕೃಷ್ಣಗಿರಿ, ಧರ್ಮಪುರಿ ಕಡೆಯ ಊರುಗಳಲ್ಲಿ ಇಂಥವರು ಸಿಗುತ್ತಾರೆ. ಅವರ ಹತ್ತಿರ ಗುಟ್ಟು ಕೇಳಬೇಡಿ, ಯಾವ ಚೌಕಿ ಎಲ್ಲಿದೆ ಅನ್ನುವುದು ನಿಮಗೆ ಬೇಕಾಗಿಯೂ ಇಲ್ಲ. ದಿನಚರಿ ಕೇಳಿ. ಕೈಗವಸು ಹಾಕಿಕೊಂಡು ಎಂಥ ಗುಂಡಿ ಒತ್ತಬಹುದು, ಹೊತ್ತು ನಡೆಯುವಾಗ ಎಷ್ಟು ತೂಕ ಜಾಸ್ತಿ ಅನ್ನಿಸುತ್ತದೆ, ಯಾವ ಸಾಧನವನ್ನು ಪೆಟ್ಟಿಗೆಯಲ್ಲೇ ಬಿಟ್ಟು ಹೋಗುತ್ತಿದ್ದರು, ಯಾಕೆ. ಆ ‘ಯಾಕೆ’ಗೆ ಸಿಗುವ ಉತ್ತರ ಯಾವ ಟೆಂಡರ್ ಕಾಗದದಲ್ಲೂ ಇರುವುದಿಲ್ಲ.

ಬಳಸುವವರನ್ನು ಕೇಳದಿದ್ದರೆ ಏನಾಗುತ್ತದೆ? ಅಮೆರಿಕ ತನ್ನ ಮೆಕ್ಸಿಕೋ ಗಡಿಗೆ ‘ಎಸ್‌ಬಿಐನೆಟ್’ ಎಂಬ ಕ್ಯಾಮೆರಾ, ರೇಡಾರ್, ಸೆನ್ಸರ್‌ಗಳ ಜಾಲ ಹಾಕಲು ಹೊರಟಿತು. ಅರಿಜೋನಾದ 28 ಮೈಲಿಯ ಮೊದಲ ಮಾದರಿಯನ್ನು ರೂಪಿಸುವಾಗಲೇ ಗಡಿ ಗಸ್ತಿನವರ ಮಾತು ಸರಿಯಾಗಿ ಕೇಳಿರಲಿಲ್ಲ. ಮಳೆ ಬಂದರೆ ರೇಡಾರ್ ಗೊಂದಲಕ್ಕೆ ಬೀಳುತ್ತಿತ್ತು. 2011ರ ಜನವರಿಯಲ್ಲಿ ಯೋಜನೆ ರದ್ದಾದಾಗ ಸುಮಾರು 100 ಕೋಟಿ ಡಾಲರ್ ಖರ್ಚಾಗಿತ್ತು, ಜಾಲ ಬಿದ್ದದ್ದು 53 ಮೈಲಿಗೆ.

ಹಂತ 2: ಐಡಿಯಾವನ್ನು ಕೊಲ್ಲಬಲ್ಲ ಅಗ್ಗದ ಪರೀಕ್ಷೆ ಮೊದಲು

ಯಾವುದೇ ಹೊಸ ಸಾಧನ ಕೆಲವು ನಂಬಿಕೆಗಳ ಮೇಲೆ ನಿಂತಿರುತ್ತದೆ. ನಮ್ಮ ಸೆನ್ಸರ್‌ನಲ್ಲಿ ಮೂರು: ಹೆಜ್ಜೆಯ ಅದುರು 30 ಮೀಟರ್ ತಲುಪುತ್ತದೆ, ದನಕ್ಕೂ ಮನುಷ್ಯನಿಗೂ ವ್ಯತ್ಯಾಸ ಸಿಗುತ್ತದೆ, ಬ್ಯಾಟರಿ ಬಾಳುತ್ತದೆ. ಯಾವುದು ಸುಳ್ಳಾದರೆ ಇಡೀ ಕೆಲಸ ಬಿದ್ದುಹೋಗುತ್ತದೋ ಅದನ್ನೇ ಮೊದಲು ಹಿಡಿಯಿರಿ. ಬಹಳ ಜನ ಚಂದದ ಅಲ್ಯೂಮಿನಿಯಂ ಪೆಟ್ಟಿಗೆಯಿಂದ ಶುರು ಮಾಡುತ್ತಾರೆ, ಯಾಕೆಂದರೆ ಅದು ಅವರಿಗೆ ಬರುತ್ತದೆ. ಪೆಟ್ಟಿಗೆ ಕೊನೆಗೆ ಬರಲಿ.

ಮೊದಲ ಪರೀಕ್ಷೆಗೆ ಬೇಕಾದದ್ದು ಒಂದು ಜಿಯೋಫೋನ್ (ನೆಲದ ಅದುರನ್ನು ವಿದ್ಯುತ್ ಸಂಕೇತವಾಗಿಸುವ, ಕೆಳಗೆ ಮೊಳೆ ಇರುವ ಸಾಧನ), ಒಂದು ಆಂಪ್ಲಿಫೈಯರ್ ಬೋರ್ಡ್, ಒಂದು ಲ್ಯಾಪ್‌ಟಾಪ್. ಕೆಂಪು ಮಣ್ಣಿನಲ್ಲಿ ಅದರ ಮೊಳೆ ಚುಚ್ಚಿ, ಒಬ್ಬರನ್ನು 5, 10, 20, 30 ಮೀಟರ್ ದೂರದಲ್ಲಿ ನಡೆಸಿ, ಲ್ಯಾಪ್‌ಟಾಪ್‌ನಲ್ಲಿ ಮೂಡುವ ಗೆರೆ ನೋಡಿ. ಮನುಷ್ಯ ಸಾಧಾರಣವಾಗಿ ಸೆಕೆಂಡಿಗೆ ಎರಡು ಹೆಜ್ಜೆ ಇಡುತ್ತಾನೆ. ಆ ತಾಳ ಗೆರೆಯಲ್ಲಿ ಕಾಣುತ್ತದೆಯೇ? ಮಳೆ ಬಿದ್ದ ಮರುದಿನ ಅದೇ ಜಾಗದಲ್ಲಿ ಮತ್ತೆ ಮಾಡಿ. ಒದ್ದೆ ಮಣ್ಣಿನಲ್ಲಿ ಮೊಳೆಯ ಹಿಡಿತ ಬದಲಾಗಿ ಗೆರೆಯೇ ಬೇರೆ ಆಗಬಹುದು.

ಇನ್ನೊಂದು ಮಾತು. ನಮ್ಮ ಗಟ್ಟಿ ನೆಲದಲ್ಲಿ ಗೆದ್ದದ್ದು ರಾಜಸ್ಥಾನದ ಮರಳಲ್ಲಿ ಗೆಲ್ಲಬೇಕಂತಿಲ್ಲ. ಸಡಿಲ ಮರಳು ಅದುರನ್ನು ನುಂಗುತ್ತದೆ. ಒಂದು ಟ್ರ್ಯಾಕ್ಟರ್ ಲೋಡ್ ಎಂ-ಸ್ಯಾಂಡ್ ಸುರಿಸಿ, ಹರಡಿ, ಅದರ ಮೇಲೆ ನಡೆದು ನೋಡಿ. ನಿಜವಾದ ಮರುಭೂಮಿಗೆ ಇದು ಸಮ ಅಲ್ಲ. ಆದರೆ ಇಲ್ಲೇ ಸೋತರೆ ಜೈಸಲ್ಮೇರ್ ರೈಲಿನ ಖರ್ಚು ಉಳಿಯಿತು, ಅಲ್ವಾ?

ಈ ಹಂತಕ್ಕೆ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಅದು ಪೂರ್ತಿ ಹೋದರೂ ಮನೆ ನಡೆಯುವಂತಿರಬೇಕು.

ಹಂತ 3: ಪಾಸ್ ಅಂದರೆ ಎಷ್ಟು? ಪರೀಕ್ಷೆಗೆ ಮೊದಲೇ ಬರೆದಿಡಿ

ಹೊಲಕ್ಕೆ ಹೋಗುವ ಮೊದಲು ಪುಸ್ತಕದಲ್ಲಿ ಸಂಖ್ಯೆ ಬರೆದು ತಾರೀಖು ಹಾಕಿ, ಇಬ್ಬರು ಸಹಿ ಮಾಡಿ. ‘100 ಸಲ ನಡೆದರೆ 95 ಸಲ ಹಿಡಿಯಬೇಕು. ಸುಳ್ಳು ಅಲಾರಂ ಒಂದು ರಾತ್ರಿಗೆ ಒಂದಕ್ಕಿಂತ ಹೆಚ್ಚು ಆಗಬಾರದು.’ ಆಮೇಲೆ 88 ಬಂದಾಗ ‘88 ಏನು ಕಡಿಮೆ ಅಲ್ಲ ಬಿಡಿ’ ಎಂದು ಮನಸ್ಸು ಹೇಳುತ್ತದೆ. ಪುಸ್ತಕ ಹಾಗೆ ಹೇಳುವುದಿಲ್ಲ.

ಸುಳ್ಳು ಅಲಾರಂ ಬಗ್ಗೆ ಸ್ವಲ್ಪ ನಿಲ್ಲಲೇಬೇಕು. ಒಂದು ಸೆನ್ಸರ್ ರಾತ್ರಿಗೆ ಒಂದು ಸಲ ಸುಮ್ಮನೆ ಕೂಗಿದರೆ ಪರವಾಗಿಲ್ಲ ಅನ್ನಿಸುತ್ತದೆ. ಒಂದು ಚೌಕಿಯ ಸುತ್ತ 20 ಸೆನ್ಸರ್ ಇದ್ದರೆ? ರಾತ್ರಿಗೆ 20 ಸಲ ಎದ್ದು ಓಡಬೇಕು. ಮೂರನೆಯ ರಾತ್ರಿ ಯಾರೂ ಏಳುವುದಿಲ್ಲ, ನಾಲ್ಕನೆಯ ರಾತ್ರಿ ಸ್ವಿಚ್ ಆಫ್ ಆಗುತ್ತದೆ. ಹಿಡಿಯುವ ಶಕ್ತಿಯನ್ನೇ ನೋಡಿ ಬೀಗುವವರು ಇಲ್ಲಿ ಎಡವುತ್ತಾರೆ. ನನ್ನ ಪ್ರಕಾರ ಇಂಥ ಸಾಧನದ ಹಣೆಬರಹ ಬರೆಯುವುದೇ ಈ ಒಂದು ಸಂಖ್ಯೆ.

ಹಂತ 4: ಹೊಲಕ್ಕೆ ಹೋಗಿ, ಕಣ್ಣು ಕಟ್ಟಿ ಪರೀಕ್ಷಿಸಿ

ತಳಿ, ಜವಳಗಿರಿ, ಡೆಂಕಣಿಕೋಟೆ ಕಡೆ ಕಾಡಂಚಿನ ರಾಗಿ ಹೊಲಗಳು ಈ ಸೆನ್ಸರ್‌ಗೆ ದೇವರೇ ಕೊಟ್ಟ ಮೈದಾನ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳು ಇಳಿಯುತ್ತವೆ. ರೈತರು ಅಟ್ಟಣೆ ಕಟ್ಟಿಕೊಂಡು ರಾತ್ರಿಯೆಲ್ಲ ಎದ್ದಿರುತ್ತಾರೆ. ಅಂದರೆ ದನ, ನಾಯಿ, ಹಂದಿ, ಆನೆ, ಮನುಷ್ಯ, ಟ್ರ್ಯಾಕ್ಟರ್, ಪಂಪ್‌ಸೆಟ್, ಗಾಳಿಗೆ ಅಲುಗುವ ಮರದ ಬೇರು, ಎಲ್ಲವೂ ಒಂದೇ ಕಡೆ ಸಿಗುತ್ತವೆ. ಜೊತೆಗೆ ಸುಳ್ಳು ಅಲಾರಂ ಅಂದರೇನು ಎಂದು ಮೈಯಾರೆ ಗೊತ್ತಿರುವ ಜನ. ಅಲ್ಲಿನ ರೈತರೊಬ್ಬರು ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದ ಮೊದಲ ಪ್ರಶ್ನೆ, ‘ಸಾರ್, ಇದು ರಾತ್ರಿ ಎಷ್ಟು ಸಲ ಸುಮ್‌ಸುಮ್ನೆ ಕೂಗುತ್ತೆ?’ ಗಡಿ ಚೌಕಿಯ ಯಾವ ಹವಾಲ್ದಾರರು ಕೇಳಿದರೂ ಇದನ್ನೇ ಕೇಳಿಯಾರು.

ರೈತರ ಒಪ್ಪಿಗೆ ಪಡೆದು ಅವರ ಪಟ್ಟಾ ಜಮೀನಿನಲ್ಲೇ ಇಡಿ. ಮೀಸಲು ಕಾಡಿನೊಳಗೆ ಒಂದು ಹೆಜ್ಜೆ ಇಡಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಆನೆ ಬರುವ ರಾತ್ರಿ ನೀವು ಹೊಲದಲ್ಲಿ ಓಡಾಡಬೇಡಿ, ಡಬ್ಬಿ ತನ್ನ ಕೆಲಸ ಮಾಡಲಿ.

ಪರೀಕ್ಷೆ ಮಾಡುವ ರೀತಿ ಹೀಗೆ. ನಡೆಯುವವರು ಬೇರೆ, ಡಬ್ಬಿ ನೋಡುವವರು ಬೇರೆ. ನಡೆಯುವವರು ಯಾವಾಗ, ಯಾವ ಕಡೆಯಿಂದ ಹೋಗುತ್ತಾರೆ ಎಂದು ನೋಡುವವರಿಗೆ ಗೊತ್ತಿರಬಾರದು. ಇಬ್ಬರೂ ಮೊಬೈಲ್ ಗಡಿಯಾರ ನೋಡಿ ಬರೆದುಕೊಳ್ಳಲಿ, ಬೆಳಿಗ್ಗೆ ಎರಡೂ ಪಟ್ಟಿ ಪಕ್ಕದಲ್ಲಿಟ್ಟು ಹೊಂದಿಸಿ. ಸಾಧನ ಮಾಡಿದ ಹುಡುಗ ಎರಡೂ ಪಟ್ಟಿಯಿಂದ ದೂರ ಇರಲಿ. ತಾನೇ ಮಾಡಿದ ಡಬ್ಬಿಯ ತಪ್ಪು ಅವನ ಕಣ್ಣಿಗೆ ಬೀಳುವುದು ಕಷ್ಟ.

ಪುಸ್ತಕದಲ್ಲಿ ಪ್ರತಿ ಸಲವೂ ಮಣ್ಣಿನ ತೇವ, ಗಾಳಿ, ಬ್ಯಾಟರಿ ವೋಲ್ಟೇಜ್, ಸಾಫ್ಟ್‌ವೇರ್ ಆವೃತ್ತಿ ಇರಲಿ. ಮಧ್ಯದಲ್ಲಿ ಕೋಡ್ ತಿದ್ದಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಇದು ಬಹಳ ನೋಯುತ್ತದೆ, ಆದರೂ ಬಿಡಬೇಡಿ. ಹಳೆ ಕೋಡ್‌ನ 60 ಗೆಲುವಿಗೆ ಹೊಸ ಕೋಡ್‌ನ 40 ಸೇರಿಸಿ ‘100ಕ್ಕೆ 100’ ಅನ್ನುವುದು ಲೆಕ್ಕ ಅಲ್ಲ.

ಎಷ್ಟು ಸಲ ಪರೀಕ್ಷಿಸಬೇಕು? ಸುಲಭದ ಒಂದು ಸೂತ್ರ ಇದೆ. ಒಂದೂ ತಪ್ಪಿಲ್ಲದೆ ಎಷ್ಟು ಸಲ ಪಾಸಾಯಿತೋ ಆ ಸಂಖ್ಯೆಯಿಂದ 3ನ್ನು ಭಾಗಿಸಿ. 30 ಸಲ ಸತತ ಪಾಸ್ ಅಂದರೆ, ಶೇ. 95 ಭರವಸೆಯಲ್ಲಿ ಹೇಳಬಹುದಾದದ್ದು ಇಷ್ಟೇ: ನಿಜವಾದ ತಪ್ಪಿನ ಪ್ರಮಾಣ ಶೇ. 10ರವರೆಗೂ ಇರಬಹುದು. 300 ಸಲ ಪಾಸಾದರೆ ಶೇ. 1. ಮಂತ್ರಿಗಳ ಮುಂದೆ ಮೂರು ಸಲ ಗೆದ್ದ ಡೆಮೊ ಏನನ್ನೂ ಸಾಬೀತು ಮಾಡುವುದಿಲ್ಲ.

ಹಂತ 5: ಪೂರ್ತಿ ಸಾಧನವನ್ನು, ಪೂರ್ತಿ ಹೊತ್ತು

ಬಿಡಿ ಬಿಡಿಯಾಗಿ ಪಾಸಾದದ್ದು ಜೋಡಿಸಿದ ಮೇಲೆ ಪಾಸಾಗುತ್ತದೆ ಎಂದು ನಂಬಬೇಡಿ. ಇದಕ್ಕೆ ಎರಡನೆಯ ಮಹಾಯುದ್ಧದ ಅಮೆರಿಕದ ಮಾರ್ಕ್ 14 ಟಾರ್ಪಿಡೊಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಒಂದೊಂದು ಟಾರ್ಪಿಡೊ ದುಬಾರಿ ಅಂತ ಯುದ್ಧಕ್ಕೆ ಮೊದಲು ಅದನ್ನು ಸಿಡಿತಲೆ ಸಮೇತ ಸರಿಯಾಗಿ ಪರೀಕ್ಷಿಸಿರಲಿಲ್ಲ. ಯುದ್ಧದಲ್ಲಿ ಜಲಾಂತರ್ಗಾಮಿಗಳ ಕ್ಯಾಪ್ಟನ್‌ಗಳು ಗುರಿಯಿಟ್ಟು ಹೊಡೆದರೂ ಹಡಗು ಮುಳುಗಲಿಲ್ಲ. ತಪ್ಪು ಕ್ಯಾಪ್ಟನ್‌ಗಳದ್ದೇ ಎಂದರು ಮೇಲಿನವರು. 1942ರ ಜೂನ್‌ನಲ್ಲಿ ಅಡ್ಮಿರಲ್ ಲಾಕ್‌ವುಡ್ ಆಸ್ಟ್ರೇಲಿಯಾದ ಆಲ್ಬನಿ ಹತ್ತಿರ ಒಂದು ಮೀನು ಬಲೆ ಕೊಂಡು ತಂದು ನೀರಿನಲ್ಲಿ ಇಳಿಬಿಡಿಸಿದರು. ಅದರತ್ತ ಟಾರ್ಪಿಡೊ ಬಿಟ್ಟು, ಬಲೆಯಲ್ಲಿ ಬಿದ್ದ ತೂತು ಎಷ್ಟು ಆಳದಲ್ಲಿದೆ ಎಂದು ಅಳೆದರು. 10 ಅಡಿಗೆ ಹೊಂದಿಸಿದ್ದ ಟಾರ್ಪಿಡೊ 25 ಅಡಿ ಆಳದಲ್ಲಿ ತೂರಿ ಹೋಗಿತ್ತು. ಹಡಗಿನ ಅಡಿಯಲ್ಲೇ ನುಸುಳಿ ಹೋಗುತ್ತಿದ್ದವು! ಆಳ ಸರಿಮಾಡಿದ ಮೇಲೆ ಇನ್ನೊಂದು ತಪ್ಪು ಹೊರಬಂತು. ನೇರವಾಗಿ ಬಡಿದರೆ ಸಿಡಿಸುವ ಪಿನ್ನೇ ಕೆಲಸ ಮಾಡುತ್ತಿರಲಿಲ್ಲ. ಅದನ್ನು 1943ರಲ್ಲಿ ಹವಾಯಿಯ ಬಂಡೆಗೆ ಹೊಡೆದು, ಕ್ರೇನ್‌ನಿಂದ ಕೆಳಗೆ ಬೀಳಿಸಿ ಕಂಡುಹಿಡಿದರು. ಒಂದು ಮೀನು ಬಲೆಯ ಬೆಲೆಯ ಪರೀಕ್ಷೆ ಮೊದಲೇ ನಡೆದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ಹೊತ್ತಿನ ವಿಷಯಕ್ಕೆ, ಬರುವ ಕ್ಷಿಪಣಿಯನ್ನು ಹೊಡೆದುರುಳಿಸುವ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ನೋಡಿ. 1991ರ ಫೆಬ್ರವರಿ 25ರಂದು ಸೌದಿಯ ದಹ್ರಾನ್‌ನಲ್ಲಿ ಅದು ಸತತ 100 ಗಂಟೆಗಿಂತ ಹೆಚ್ಚು ಓಡುತ್ತಿತ್ತು. ಸಮಯದ ಲೆಕ್ಕದಲ್ಲಿದ್ದ ಸಣ್ಣ ದೋಷ ಕೂಡುತ್ತಾ ಹೋಗಿ 0.34 ಸೆಕೆಂಡ್ ಆಗಿತ್ತು. ಅಷ್ಟರಿಂದ, ಬರುತ್ತಿದ್ದ ಇರಾಕಿನ ಸ್ಕಡ್ ಕ್ಷಿಪಣಿಯನ್ನು ಹಿಂಬಾಲಿಸಲಾಗದೆ ಹೋಯಿತು, ಅಮೆರಿಕದ 28 ಸೈನಿಕರು ಸತ್ತರು. ಸರಿಪಡಿಸಿದ ಸಾಫ್ಟ್‌ವೇರ್ ತಲುಪಿದ್ದು ಮರುದಿನ. ನಿಮ್ಮ ಡಬ್ಬಿ ಆರು ತಿಂಗಳು ಬಾಳಬೇಕಾದರೆ, ಕನಿಷ್ಠ ಕೆಲವು ವಾರ ರೀಸ್ಟಾರ್ಟ್ ಮಾಡದೆ ಓಡಿಸಿ. ಮೆಮೊರಿ ತುಂಬುತ್ತಿದೆಯೇ, ಗಡಿಯಾರ ಜಾರುತ್ತಿದೆಯೇ ನೋಡಿ.

ಬಿಸಿ, ಚಳಿ, ನೀರು, ಪೆಟ್ಟು

ಲ್ಯಾಬಿಗೆ ದುಡ್ಡು ಕಟ್ಟುವ ಮೊದಲು ಇಲ್ಲೇ ಮಾಡಿ. 2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ ದಾಖಲಾಗಿದೆ. ಅದು ನೆರಳಿನ ಉಷ್ಣಾಂಶ. ಬಿಸಿಲಲ್ಲಿ ಮುಚ್ಚಿದ ಕಪ್ಪು ಡಬ್ಬಿಯೊಳಗೆ ಇನ್ನೂ ಜಾಸ್ತಿ. ಪೌಡರ್ ಕೋಟಿಂಗ್ ಮಾಡುವ ಪಕ್ಕದ ಶೆಡ್ಡಿನವರ ಓವನ್‌ನಲ್ಲಿ 70 ಡಿಗ್ರಿ ಇಟ್ಟು ನೋಡಬಹುದು, ಆದರೆ ಬ್ಯಾಟರಿ ತೆಗೆದು, ಹೊರಗಿನಿಂದ ವಿದ್ಯುತ್ ಕೊಟ್ಟು. ಚಳಿಗೆ ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರ್ ಇದೆ, ಸುಮಾರು ಮೈನಸ್ 18 ಸಿಗುತ್ತದೆ. ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿ ಅಲ್ಲಿ ಎಷ್ಟು ಕುಗ್ಗುತ್ತದೆ ಎಂದು ಒಮ್ಮೆ ನೋಡಿದರೆ ಲಡಾಖ್‌ ಬಗ್ಗೆ ಮಾತಾಡುವ ಧಾಟಿಯೇ ಬದಲಾಗುತ್ತದೆ. ಸೊನ್ನೆಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಸೆಲ್ ಹಾಳಾಗುತ್ತದೆ.

ಇಷ್ಟರಲ್ಲಿ ಉಳಿದುಕೊಂಡರೆ ಮಾತ್ರ ಲ್ಯಾಬ್. ಎಲೆಕ್ಟ್ರಾನಿಕ್ ಸಾಧನಗಳಿಗೆ ನಮ್ಮ ಸೇನೆ ಕೇಳುವ ಪರಿಸರ ಪರೀಕ್ಷೆಗಳು ಜೆಎಸ್‌ಎಸ್ 55555 ಎಂಬ ಮಾನದಂಡದಲ್ಲಿವೆ. ಕಂಪನ, ಬೀಳಿಸುವುದು, ಧೂಳು, ಉಪ್ಪು ಮಂಜು, ಬೂಷ್ಟು ಎಲ್ಲವೂ ಅದರಲ್ಲಿ ಬರುತ್ತವೆ. ವಿದ್ಯುತ್ಕಾಂತೀಯ ಅಡ್ಡಿಗೆ ಮಿಲ್-ಸ್ಟ್ಯಾಂಡರ್ಡ್ 461 ಇದೆ. ಬೆಂಗಳೂರಿನ ಪೀಣ್ಯದಲ್ಲಿ ಕೇಂದ್ರ ಸರ್ಕಾರದ ಇಟಿಡಿಸಿ, ಚೆನ್ನೈಯಲ್ಲಿ ಸಮೀರ್ ಸಂಸ್ಥೆಯ ಕೇಂದ್ರ ಇಂಥ ಪರೀಕ್ಷೆ ಮಾಡಿಕೊಡುತ್ತವೆ. ಪೂರ್ತಿ ಸರ್ಟಿಫಿಕೇಟ್‌ಗೆ ಮುಂಚೆ ಒಂದು ದಿನದ ಪ್ರಾಥಮಿಕ ಪರೀಕ್ಷೆಗೆ ಸಮಯ ಕೇಳಿ. ಸೋಲುವುದಿದ್ದರೆ ಅಲ್ಲಿ ಸೋಲುವುದು ಅಗ್ಗ.

ನಿಮ್ಮದು ಹಾರುವ ಸಾಧನವಾದರೆ

2021ರ ಡ್ರೋನ್ ನಿಯಮಗಳ ಪ್ರಕಾರ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ, ಜಿಎಸ್‌ಟಿ ನೋಂದಣಿ ಇರುವ ಡ್ರೋನ್ ತಯಾರಕರಿಗೆ ಸಂಶೋಧನೆಯ ಹಾರಾಟದಲ್ಲಿ ಕೆಲವು ವಿನಾಯಿತಿ ಇದೆ, ಆದರೆ ಹಾರಾಟಕ್ಕೆ ಮುಕ್ತವಾದ ಹಸಿರು ವಲಯದಲ್ಲಿ, ತಮ್ಮ ಹಿಡಿತದಲ್ಲಿರುವ ಜಾಗದಲ್ಲಿ ಮಾತ್ರ. ಯಾವ ಜಾಗ ಯಾವ ವಲಯದಲ್ಲಿದೆ ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಬೇಡಿ. ಬೆಳಗೊಂಡಪಳ್ಳಿಯಲ್ಲಿ ವಿಮಾನದ ಓಡುದಾರಿ ಇದೆ ಅನ್ನುವುದು ನೆನಪಿರಲಿ. ಇನ್ನು, ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಲಡಾಖ್ ಕಡೆಯ 5,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಇಲ್ಲಿಯ ಮೂರರಲ್ಲಿ ಎರಡು ಪಾಲಿನಷ್ಟು. ಪ್ರೊಪೆಲ್ಲರ್ ಅದೇ ವೇಗದಲ್ಲಿ ತಿರುಗಿದರೆ ಎತ್ತುವ ಬಲವೂ ಅಷ್ಟೇ ಇಳಿಯುತ್ತದೆ. ಇಲ್ಲಿ 10 ಕಿಲೋ ಎತ್ತಿತು ಎಂದು ಅಲ್ಲಿಗೆ 10 ಕಿಲೋ ಮಾತು ಕೊಡಬೇಡಿ. ಜಿಪಿಎಸ್ ಇಲ್ಲದೆ ಹಾರುತ್ತದೆಯೇ ಎಂದು ನೋಡಲು ಸಾಫ್ಟ್‌ವೇರ್‌ನಲ್ಲೇ ಜಿಪಿಎಸ್ ಆಫ್ ಮಾಡಿ. ಸಂಕೇತ ತಡೆಯುವ ಜಾಮರ್ ಖರೀದಿಸುವುದು, ಬಳಸುವುದು ಕಾನೂನುಬಾಹಿರ. ಸ್ಫೋಟಕದ ಹತ್ತಿರ ಹೋಗಲೇಬೇಡಿ, ತೂಕಕ್ಕೆ ಮರಳಿನ ಚೀಲ ಸಾಕು.

ದುಡ್ಡು: ಕಂತಿನಲ್ಲಿ, ಪರೀಕ್ಷೆ ಪಾಸಾದಂತೆ

ಬೆಂಗಳೂರಿನ ತೇಜಸ್ ವಿಮಾನಕ್ಕೂ ಒಂದೇ ಸಲ ದುಡ್ಡು ಸುರಿಯಲಿಲ್ಲ. 1993ರಲ್ಲಿ ಮೊದಲ ಹಂತಕ್ಕೆ ಹಣ ಮಂಜೂರಾದದ್ದು ತಂತ್ರಜ್ಞಾನ ತೋರಿಸುವ ಎರಡು ಮಾದರಿ ವಿಮಾನಗಳಿಗೆ. ಮೊದಲನೆಯದು ಹಾರಿದ್ದು 2001ರ ಜನವರಿ 4ರಂದು. ದೊಡ್ಡ ತಯಾರಿಕೆಯ ನಿರ್ಧಾರ ಆಮೇಲಿನ ಮಾತು. ನೀವೂ ಹಾಗೇ ಮಾಡಿ. ಹಂತ 2 ಪಾಸಾಗದೆ ಹಂತ 4ರ ದುಡ್ಡು ಮುಟ್ಟಬಾರದು ಎಂದು ಮನೆಯವರ ಎದುರು, ಪಾಲುದಾರರ ಎದುರು ಬರೆದಿಡಿ. ಯಾವ ಫಲಿತಾಂಶ ಬಂದರೆ ಕೈಬಿಡುತ್ತೇವೆ ಅನ್ನುವುದನ್ನೂ ಬರೆಯಿರಿ.

ಸರ್ಕಾರದ ನೆರವೂ ಕಂತಿನಲ್ಲೇ ಬರುತ್ತದೆ. ಹೊಸ ರಕ್ಷಣಾ ಸಾಧನಗಳಿಗಾಗಿ ರಕ್ಷಣಾ ಸಚಿವಾಲಯ 2018ರಲ್ಲಿ ಶುರುಮಾಡಿದ ಐಡೆಕ್ಸ್ ಯೋಜನೆಯಲ್ಲಿ ಮಾದರಿ ತಯಾರಿಕೆಗೆ 1.5 ಕೋಟಿ ರೂಪಾಯಿವರೆಗೆ, ಐಡೆಕ್ಸ್ ಪ್ರೈಮ್‌ನಲ್ಲಿ 10 ಕೋಟಿವರೆಗೆ, 2024ರ ಅದಿತಿ ಯೋಜನೆಯಲ್ಲಿ 25 ಕೋಟಿವರೆಗೆ ಅನುದಾನ ಇದೆ. ನಿಮ್ಮ ಪಾಲಿನ ದುಡ್ಡನ್ನೂ ಹಾಕಬೇಕು, ಅದಕ್ಕೇ ಮೊದಲ ಹಂತಗಳಲ್ಲಿ ಉಳಿಸಿಕೊಳ್ಳಿ ಅಂದದ್ದು. ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿ 50 ಕೋಟಿವರೆಗಿನ ಯೋಜನೆಗಳಿಗೆ, ಸಣ್ಣ ಘಟಕಗಳಿಗೆ ಸ್ವಲ್ಪ ದೂರದ್ದು. ಅನುದಾನ ಮಾದರಿಗೆ ಮಾತ್ರ, ಅದು ಆರ್ಡರ್ ಅಲ್ಲ. ಸೇನೆಯ ಪ್ರಯೋಗಗಳಿಗೆ ಬಹುತೇಕ ‘ನಮಗೆ ಖರ್ಚಿಲ್ಲ, ಕೊಳ್ಳುವ ಬದ್ಧತೆಯೂ ಇಲ್ಲ’ ಎಂಬ ಷರತ್ತಿನ ಮೇಲೆ ಕರೆಯುತ್ತಾರೆ. ಸಾಗಣೆ, ಊಟ, ವಸತಿ ಎಲ್ಲ ನಿಮ್ಮದೇ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮೊದಲ ಮಾದರಿಯ ದಿನದಿಂದಲೇ ಪ್ರತಿ ಬಿಡಿಭಾಗ ಯಾವ ದೇಶದ್ದು, ಯಾರಿಂದ ಕೊಂಡದ್ದು ಎಂಬ ಪಟ್ಟಿ ಇಡಿ. 2025ರ ಆರಂಭದಲ್ಲಿ ಸೇನೆಯ 400 ಡ್ರೋನ್‌ಗಳ ಒಪ್ಪಂದಗಳು ಚೀನಾದ ಬಿಡಿಭಾಗಗಳ ಕಾರಣಕ್ಕೆ ರದ್ದಾದವು. ಎಲ್ಲ ಪರೀಕ್ಷೆ ಗೆದ್ದ ಮೇಲೆ ರೇಡಿಯೋ ಚಿಪ್ ಬದಲಿಸಬೇಕಾಗಿ ಬಂದರೆ, ಹಂತ 4ರ ಎಣಿಕೆ ಸೊನ್ನೆಯಿಂದ ಶುರು.

ಯಂತ್ರದ ವಿಷಯಕ್ಕೆ ಬಂದರೆ, ಪ್ರಯೋಗ ಮುಗಿಯುವವರೆಗೂ ನೀವು ಸ್ವಂತವಾಗಿ ಕೊಳ್ಳಬೇಕಾದದ್ದು ಪರೀಕ್ಷೆಯ ಸಾಮಾನು ಮಾತ್ರ: ಒಂದು ಡೇಟಾ ಲಾಗರ್, ಒಳ್ಳೆಯ ಮಲ್ಟಿಮೀಟರ್, ನಾಲ್ಕೈದು ಜಿಯೋಫೋನ್. ಪೆಟ್ಟಿಗೆ ಮಿಲ್ಲಿಂಗ್ ಆಗಬೇಕಾದರೆ ಬಾಗಲೂರು ರಸ್ತೆಯಲ್ಲೋ ಜೂಜುವಾಡಿಯಲ್ಲೋ ಗಂಟೆ ಲೆಕ್ಕದಲ್ಲಿ ಮಾಡಿಸಿ, ಬೋರ್ಡ್ ಜೋಡಣೆ ಬೆಂಗಳೂರಿನಲ್ಲಿ ಮಾಡಿಸಿ. ಎಷ್ಟು ಬೇಕು, ಯಾವಾಗ ಬೇಕು ಎಂದು ಬರೆದಿರುವ ಆರ್ಡರ್ ಕೈಗೆ ಬಂದ ಮೇಲೆ ಸ್ವಂತ ಯಂತ್ರದ ಲೆಕ್ಕ ಹಾಕಿ. ಬ್ಯಾಂಕಿನವರು ಪ್ರಾಜೆಕ್ಟ್ ರಿಪೋರ್ಟ್ ಕೇಳಿದಾಗ ಅದರ ಜೊತೆ ಪರೀಕ್ಷೆಯ ಪುಸ್ತಕದ ನಕಲನ್ನೂ ಲಗತ್ತಿಸಿ, ಸೋತ ಪುಟಗಳನ್ನೂ ಸೇರಿಸಿ.